ಕಪ್ಪೆಗಳ ಆಹಾರಕ್ಕಾಗಿ ಚಿಮ್ಮಂಡೆಗಳ ಸಾಕಣೆ

ಕಪ್ಪೆಯು ಚಲಿಸದೆ ಬಿದ್ದಿರುವ ಆಹಾರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಣ್ಣೆದುರಿಗೆ ಹರಿದಾಡುವ ಹುಳುವನ್ನೇ ಅದು ನಾಲಗೆ ಚಾಚಿ ಹಿಡಿಯುವುದು. ಆದುದರಿಂದ ಕಪ್ಪೆಯನ್ನು ಸಾಕುವವರು ಮೊದಲು ಹುಳುವನ್ನು ಸಾಕಲು ಕಲಿಯಬೇಕಾಗುತ್ತದೆ.

ಇದು ಕೇವಲ ವಿನೋದದ ಕೆಲಸವೆಂದು ಭಾವಿಸಕೂಡದು. ಕಪ್ಪೆಯ ಚರ್ಮಕ್ಕೆ ತಗಲಿ ಅದನ್ನು ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರವನ್ನು ವಿಜ್ಞಾನಿಗಳು 1999ರಲ್ಲಿ ಹೆಸರಿಟ್ಟು ವರ್ಣಿಸಿದರು. ಈ ರೋಗವು ಪನಾಮಾ ದೇಶದ ಎಲ್ ವಾಯೆ ಎಂಬ ಊರನ್ನು ಸಮೀಪಿಸಲು, 2006ರಲ್ಲಿ ಅಲ್ಲಿಯ ಕಪ್ಪೆಗಳನ್ನು ಕಾಡಿನಿಂದ ತಂದು ಒಂದು ಹೋಟೆಲಿನ ಕೊಠಡಿಗಳಲ್ಲಿಟ್ಟು ರಕ್ಷಿಸಿದರು. ಆ ದೇಶದ ಹೊಂಬಣ್ಣದ ಕಪ್ಪೆಯು ಕಾಡಿನಲ್ಲಿ ಬಹುಮಟ್ಟಿಗೆ ಇಲ್ಲವಾಗಿ, ಈಗ ಸಾಕಣೆಯ ಕೇಂದ್ರಗಳಲ್ಲಿ ಉಳಿದಿದೆ. ಇಂತಹ ಕಡೆ ಹುಳುವಿನ ಸಾಕಣೆ ಕೆಟ್ಟರೆ ಕಪ್ಪೆಗೆ ಉಪವಾಸವೇ ಗತಿ.

ಯೂರೋಪು ಅಮೆರಿಕಗಳಲ್ಲಿ ಇದಕ್ಕಾಗಿ ಹೆಚ್ಚಾಗಿ ಸಾಕುವುದು, ಇರುಳಿನಲ್ಲಿ ಕಿರ್ರೆಂದು ಕೂಗುವ ಚಿಮ್ಮಂಡೆಯನ್ನು. ರೇಷ್ಮೆಹುಳುವನ್ನೂ ಅಲ್ಲಿ ಕಪ್ಪೆಗಳಿಗೆ ಕೊಡುವುದುಂಟು. ರೇಷ್ಮೆ ಸಾಕಿದವರಿಗೆ ಈ ಕೆಲಸದ ಮರ್ಮವು ಸುಲಭವಾಗಿ ತಿಳಿಯುವುದು.

ನುಣುಪಾದ ಒಳಮೈಯುಳ್ಳ ಎತ್ತರವಾದ ಪೆಟ್ಟಿಗೆಗೆ ಸಣ್ಣ ಕಣ್ಣಿನ ಲೋಹದ ಜಾಲರಿಯ ಮುಚ್ಚಳವಿರಬೇಕು. ಅಡಗಲು ಕೋಳಿಮೊಟ್ಟೆಯ ರಟ್ಟಿನ ತಟ್ಟೆಗಳನ್ನು ನಿಲ್ಲಿಸತಕ್ಕದ್ದು. ಶಾಖವು ಸುಮಾರು 30 ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದರೆ ಉತ್ತಮ. ಆಹಾರಕ್ಕೆ ತೌಡು, ಸೊಪ್ಪು, ಗಜ್ಜರಿ ಸಾಕು. ನೀರನ್ನು ಬಟ್ಟಲಿನಲ್ಲಿಟ್ಟರೆ ಮರಿಗಳು ಮುಳುಗಿ ಸಾಯುವುವು. ಒದ್ದೆಯ ಹತ್ತಿಯನ್ನಿಡುವುದು ಲೇಸು. ತೇವದ ಮಣ್ಣು ತುಂಬಿದ ತಟ್ಟೆಯಲ್ಲಿ ಹೆಣ್ಣು ಮೊಟ್ಟೆಯಿಡುವುದು. ತಟ್ಟೆಯನ್ನು ಬೇರೆ ಪೆಟ್ಟಿಗೆಗೆ ಸಾಗಿಸಿದರೆ ಎರಡು ವಾರಗಳ ಒಳಗಾಗಿ ಮರಿಗಳು ಹೊರಬಂದು, ಆರರಿಂದ ಎಂಟು ವಾರಗಳಲ್ಲಿ ಬೆಳೆದು ದೊಡ್ಡವಾಗುವುವು.

ಒಂದೇ ಪೆಟ್ಟಿಗೆಯನ್ನು ನಂಬಿ ಕೂಡಬಾರದು. 2009-10ರ ಸುಮಾರಿನಲ್ಲಿ ಡೆನ್ಸೋವೈರಸ್ ಎಂಬ ರೋಗವು ಉತ್ತರ ಅಮೆರಿಕದ ಚಿಮ್ಮಂಡೆ ಸಾಕಣೆಗಾರರಿಗೆ ಅಪಾರ ನಷ್ಟವನ್ನುಂಟುಮಾಡಿತು. ಸತ್ತ ಹುಳುಗಳನ್ನು ಆಗಾಗ್ಗೆ ತೆಗೆದು, ಪೆಟ್ಟಿಗೆಗಳನ್ನು ದೂರದೂರವಿಟ್ಟು, ಹೊಸ ಹುಳುಗಳನ್ನು ಪ್ರತ್ಯೇಕಿಸುವುದೇ ಸರಿಯಾದ ಉಪಾಯ.

ಚಿಮ್ಮಂಡೆಯಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಮೆ. ಇದನ್ನೇ ತಿಂದ ಕಪ್ಪೆಯ ಮೂಳೆಗಳು ಮೆದುವಾಗಿ ಬಾಗುವುವು. ಆದುದರಿಂದ ಕೊಡುವ ಮುನ್ನ ಒಂದೆರಡು ದಿವಸ ಹುಳುಗಳಿಗೆ ಪುಷ್ಟಿಕರವಾದ ಆಹಾರವನ್ನು ತಿನ್ನಿಸಿ, ಮೈಗೆ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯನ್ನು ಲೇಪಿಸಬೇಕು. ವೀಳ್ಯದ ಸುಣ್ಣವು ಸುಡುವಂತಹುದಾದ್ದರಿಂದ ಅದನ್ನು ಎಂದಿಗೂ ಉಪಯೋಗಿಸಕೂಡದು. ಹುಳುವು ಕಪ್ಪೆಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಾಗಿರಬಾರದು. ತಿನ್ನದೆ ಉಳಿದವುಗಳನ್ನು ರಾತ್ರಿ ಬಿಟ್ಟರೆ ಅವು ಕಪ್ಪೆಯನ್ನೇ ಕಚ್ಚುವುವು. ಔಷಧಿ ಸಿಂಪಡಿಸಿದ ಹೊಲದ ಹುಳುವು ಕಪ್ಪೆಗೆ ವಿಷವಾಗಬಲ್ಲದು.

ನಮ್ಮ ಗದ್ದೆಗಳ ಕಪ್ಪೆಗಳನ್ನು ಹಿಡಿದು ಪೆಟ್ಟಿಗೆಯಲ್ಲಿಡುವ ಅವಶ್ಯಕತೆಯಿಲ್ಲ. ಅವು ಕೂಲಿಯಿಲ್ಲದೆ ಪೈರಿನ ಕೀಟಗಳನ್ನು ತಿನ್ನುವ ಆಳುಗಳು. ಕಪ್ಪೆಯ ಕಾಲುಗಳ ರಫ್ತನ್ನು ಭಾರತ ಸರಕಾರವು 1987ರಲ್ಲಿ ನಿಷೇಧಿಸಿತು. ದೂರದ ದೇಶದವರು ಉಳಿದ ಕೆಲವು ಕಪ್ಪೆಗಳಿಗಾಗಿ ಪೆಟ್ಟಿಗೆಯಲ್ಲಿ ಹುಳು ಬೆಳೆಸಬೇಕಾಗಿರುವಾಗ, ಗ್ರಾಮದ ಮುಖಂಡರೂ ಭೂಮಾಲೀಕರೂ ಕೆರೆಯಂಗಳವನ್ನೂ ಗದ್ದೆಯ ಬದುಗಳನ್ನೂ ವಿಷದಿಂದ ಕಾಪಾಡಿದರೆ, ಇಲ್ಲಿಯ ಕಪ್ಪೆಗಳು ತಮ್ಮ ಆಹಾರವನ್ನು ತಾವೇ ಹುಡುಕಿಕೊಳ್ಳುವುವು.