ಟೋಪಿಯ ಕೆಳಗಿನ ಶಿಕಾರಿ

ಶಿಕಾರಿ ಶಂಭುವಿನ ಕಣ್ಣುಗಳು ಹೇಗಿವೆ ಎಂದು ಕೇಳಿ ನೋಡಿ, ಅವನ ಕತೆ ಓದುತ್ತಲೇ ಬೆಳೆದವರೂ ತಬ್ಬಿಬ್ಬಾಗುತ್ತಾರೆ. ಯಾರೂ ನೋಡಿಲ್ಲ. ಟೋಪಿ ಮೂಗಿನವರೆಗೆ ಇಳಿದುಬಿಟ್ಟಿದೆ, ಅದರ ಕೆಳಗೆ ದಪ್ಪ ಮೀಸೆ, ಅಷ್ಟೇ ಮುಖ. ಕಣ್ಣಿಲ್ಲದ ಮುಖದಲ್ಲಿ ಹೆದರಿಕೆ ತೋರಿಸುವುದು ಹೇಗೆ? ಚಿತ್ರಕಾರ ವಸಂತ ಹಳಬೆ ಅದನ್ನು ನಡುಗುವ ಮೊಣಕಾಲಿಗೂ ಹಾರುವ ಬೆವರಹನಿಗೂ ವಹಿಸಿಕೊಟ್ಟರು.

ಮಕ್ಕಳ ಚಿತ್ರಕತೆಗಳ ಪತ್ರಿಕೆ 'ಟಿಂಕಲ್'ನ ಲೂಯಿಸ್ ಫರ್ನಾಂಡಿಸ್ ಮತ್ತು ಹಳಬೆ ಸೇರಿ 1983ರಲ್ಲಿ ಹುಟ್ಟಿಸಿದ ಈ ಶೂರನ ಕತೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಜಾಡು. ಎಲ್ಲೋ ಹುಲಿ ಕಾಟ ಕೊಡುತ್ತದೆ. ಊರವರು ಮಹಾಶಿಕಾರಿಯನ್ನು ಕರೆಸುತ್ತಾರೆ. ಶಂಭು ಗರ್ಜನೆ ಕೇಳಿದ್ದೇ ತಡ, ಮರ ಹತ್ತುತ್ತಾನೆ. ಕೊಂಬೆ ಲಟಕ್ಕೆನ್ನುತ್ತದೆ, ಇವನು ಬಿದ್ದದ್ದು ಹುಲಿಯ ಮೇಲೆ. ಗಲಿಬಿಲಿಯಲ್ಲಿ ಹುಲಿ ಬಲೆಗೋ ಬೋನಿಗೋ ಸಿಕ್ಕಿಕೊಳ್ಳುತ್ತದೆ, ಇವನಿಗೆ ಹಾರ ಬೀಳುತ್ತದೆ. ನಿಜ ಗೊತ್ತಿರುವುದು ಅವನಿಗೆ ಮತ್ತು ನಮಗೆ ಮಾತ್ರ. ಎಂಟು ವರ್ಷದ ಓದುಗನಿಗೆ ಇದಕ್ಕಿಂತ ದೊಡ್ಡ ಗೌರವ ಯಾರು ಕೊಟ್ಟಾರು!

ಕನ್ನಡದಲ್ಲಿ ಶಿಕಾರಿ ಎಂದರೆ ನಮಗೆ ನೆನಪಾಗುವುದು ಲೇಖಕ ತೇಜಸ್ವಿ 'ಕಾಡಿನ ಕತೆಗಳು' ಮೂಲಕ ತಂದುಕೊಟ್ಟ ಕೆನೆತ್ ಆಂಡರ್ಸನ್. ನರಭಕ್ಷಕನ ಜಾಡು ಹಿಡಿದು ರಾತ್ರಿಯಿಡೀ ಉಸಿರು ಬಿಗಿಹಿಡಿದು ಕೂರುವ ಮನುಷ್ಯ. ಶಂಭು ಅವನ ಅಡಿಮೇಲಾದ ರೂಪ. ಸ್ವಾರಸ್ಯವೆಂದರೆ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಹುಲಿ ಹೊಡೆಯುವವರ ಕಾಲ ಮುಗಿದು ದಶಕ ದಾಟಿದ ಮೇಲೆ ನಮ್ಮ ಶೂರ ಬಂದೂಕು ಹೊತ್ತು ಹೊರಟಿದ್ದಾನೆ. ಸಾಹಸಕತೆಯ ನಾಯಕನಿಗೆ ಕೆಲಸವಿಲ್ಲದಾಗ ಅವನನ್ನು ಹಾಸ್ಯಕ್ಕೆ ಸೇರಿಸಿಕೊಂಡರೇನೋ ಎಂದು ನನ್ನ ಗುಮಾನಿ.

ಶಂಭುವಿನ ಮನೆಯಾದ ಟಿಂಕಲ್ ಶುರುವಾದದ್ದು 1980ರಲ್ಲಿ, ಮುಂಬಯಿಯ ಅಮರ ಚಿತ್ರಕಥೆಯ ಬಳಗದಿಂದ. ಸಂಪಾದಕ ಅನಂತ ಪೈ ನಮ್ಮ ಕಾರ್ಕಳದವರು. ಅಲ್ಲಿ 1929ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹುಡುಗನಾಗಿದ್ದಾಗಲೇ ಮುಂಬಯಿ ಸೇರಿದವರು. ಓದಿದ್ದು ರಾಸಾಯನಿಕ ತಂತ್ರಜ್ಞಾನ, ಹಿಡಿದದ್ದು ಮಕ್ಕಳ ಪುಸ್ತಕ. ದೇಶದ ಮಕ್ಕಳಿಗೆಲ್ಲ ಅವರು 'ಅಂಕಲ್ ಪೈ'. ಅಮರ ಚಿತ್ರಕಥೆಯಲ್ಲಿ ಒಂದು ಪುಸ್ತಕಕ್ಕೆ ಒಬ್ಬ ದೇವರೋ ಒಬ್ಬ ರಾಜನೋ ಇರುತ್ತಿದ್ದರು. ಟಿಂಕಲ್‌ನಲ್ಲಿ ಹಾಗಲ್ಲ, ಕಾಡಿನ ಮೊಲಗಳನ್ನು ಚಮಟಕ ನರಿಯಿಂದ ಉಳಿಸುವ ಕಾಲಿಯಾ ಕಾಗೆ, ಹೂಜ ರಾಜನ ಸಿಂಹಾಸನಕ್ಕೆ ಹೊಂಚು ಹಾಕಿ ಪ್ರತಿಸಲವೂ ತಾನೇ ಏಟು ತಿನ್ನುವ ತಂತ್ರಿ, ನಡುವೆ ಜನಪದ ಕತೆ, ವಿಜ್ಞಾನ, ಒಗಟು.

ಟಿಂಕಲ್‌ನ ಇನ್ನೊಂದು ಪಾತ್ರ ಸುಪ್ಪಂಡಿಯ ಹುಟ್ಟಂತೂ ಬೇರೆಯೇ. ತಿರುಚ್ಚಿ ಕಡೆಯ ಓದುಗರೊಬ್ಬರು ಕಳುಹಿಸಿದ ತಮಿಳು ಜನಪದ ಕತೆಗಳಿಂದ ಅವನು ಎದ್ದುಬಂದ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಯಜಮಾನನ ಮನೆ ಕೆಡಿಸುವ ಆಳು, ನಮ್ಮ ಗಾಂಪರೊಡೆಯರ ಶಿಷ್ಯರ ಕುಲದವನೇ. ಅಮರ ಚಿತ್ರಕಥೆಯ 'ಕೃಷ್ಣ'ನನ್ನು ಬರೆದ ರಾಮ್ ವಾಯೀರ್‌ಕರ್ ಅವರೇ ಈ ವಿಚಿತ್ರ ತಲೆಯವನನ್ನೂ ಬರೆದರು. ಅವರ ನಂತರ ಆ ಕುಂಚ ಮಗಳು ಅರ್ಚನಾ ಅವರ ಕೈಗೆ ಬಂತು.

ಕಸುಬಿನ ಬಗ್ಗೆ ಒಂದು ಮಾತು. ಪೆನ್ಸಿಲ್ಲಿನ ಗೆರೆ, ಅದರ ಮೇಲೆ ಶಾಯಿ, ಆಮೇಲೆ ಬಣ್ಣ ಎಂಬುದೆಲ್ಲ ಸರಿಯೇ. ಆದರೆ ನಗು ನಿಂತಿರುವುದು ಚೌಕಗಳ ಹಂಚಿಕೆಯ ಮೇಲೆ. ಕೊಂಬೆ ಬಿರಿಯುವುದು ಬಲಪುಟದ ಕೊನೆಯ ಚೌಕದಲ್ಲಿ ಬಂದರೆ ಹುಲಿಯ ಬೆನ್ನು ಹಾಳೆ ಮಗುಚಿದ ಮೇಲೇ ಕಾಣಬೇಕು. ಎರಡೂ ಒಂದೇ ಪುಟದಲ್ಲಿ ಬಿದ್ದರೆ ಮಜಾ ಅರ್ಧ ಹೋಯಿತು. ಮೊಬೈಲಿನಲ್ಲಿ ಬೆರಳಾಡಿಸುತ್ತ ಓದುವವರಿಗೆ ಆ ಮಗುಚುವ ಕ್ಷಣವೇ ಇಲ್ಲ.

ಹಳಬೆಯವರ ನಂತರ ಸ್ಯಾವಿಯೊ ಮಸ್ಕರೇನ್ಹಸ್ ಶಂಭುವನ್ನು ಬರೆದರು. ಟೋಪಿ ಅಲ್ಲಾಡಲಿಲ್ಲ, ಶಂಭು ಮಾತ್ರ ಕಾಲಕ್ಕೆ ತಕ್ಕಂತೆ ವನ್ಯಜೀವಿಗಳ ರಕ್ಷಕನಾದ, ಕಳ್ಳಬೇಟೆಯವರ ಬೆನ್ನುಬಿದ್ದ. ಆಗಬೇಕಾದದ್ದೇ. ಆದರೂ ಒಳ್ಳೆಯ ಉದ್ದೇಶವಿರುವ ಶಂಭುವಿಗಿಂತ ಸುಮ್ಮನೆ ಓಡಿಹೋಗಲು ನೋಡುತ್ತಿದ್ದ ಶಂಭುವೇ ನನಗೆ ಹೆಚ್ಚು ಹತ್ತಿರದವನು.

ಅನಂತ ಪೈ 2011ರಲ್ಲಿ ತೀರಿಕೊಂಡರು. ಮಕ್ಕಳ ಪತ್ರಿಕೆ 'ಚಂದಮಾಮ' ನಿಂತಿತು. ಡಿಂಗನೆಂಬ ಪಾತ್ರವನ್ನು ಕೊಟ್ಟ ಕನ್ನಡದ 'ಬಾಲಮಂಗಳ'ವೂ ನಿಂತಿತು. ಶಂಭು ಬದುಕಿದ್ದಾನೆ, ಆದರೆ ನಮ್ಮಲ್ಲಿ ಹೆಚ್ಚಿನ ಮಕ್ಕಳು ಅವನನ್ನು ಓದಿದ್ದು ಇಂಗ್ಲಿಷಿನಲ್ಲಿ. ಕಾರ್ಕಳದ ಹುಡುಗ ಕಟ್ಟಿದ ನಗುವಿನ ಮನೆಗೆ ಕನ್ನಡ ಶಾಲೆಯ ಮಗು ಇಂಗ್ಲಿಷ್ ಕಲಿಯುವ ತನಕ ಕಾಯಬೇಕು. ಕಲಿಯುವ ಹೊತ್ತಿಗೆ ಅದಕ್ಕೆ ಎಂಟು ವರ್ಷ ದಾಟಿರುತ್ತದೆ.