ಹಣ ಕೊಡುವ ಮುನ್ನ

ಹಿಂದೆ ದೂರದ ಊರಿನಿಂದ ಪುಸ್ತಕವನ್ನೋ ಗಡಿಯಾರವನ್ನೋ ತರಿಸುವವರು ವಿ.ಪಿ. ಅಂಚೆಯನ್ನು ನೆಚ್ಚುತ್ತಿದ್ದರು. ಅಂಚೆಯವನು ಕಟ್ಟನ್ನು ಬಾಗಿಲಿಗೆ ತಂದ ಮೇಲೆಯೇ ಹಣ. ಇಂದು ಅಂತರ್ಜಾಲದ ಅಂಗಡಿಗಳಲ್ಲಿ ಸೀರೆಯಿಂದ ಮಿಕ್ಸಿಯವರೆಗೆ ಎಲ್ಲವೂ ದೊರೆಯುತ್ತದೆ. ಆದರೆ ಅನೇಕ ವೇಳೆ ಹಣ ಮೊದಲು, ಸಾಮಾನು ಆಮೇಲೆ. ಆದುದರಿಂದ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವ್ಯವಹಾರ ಕೆಟ್ಟರೆ ಈ ಹಣ ಹಿಂದಿರುಗಲು ದಾರಿಯುಂಟೆ?

ಈ ದೃಷ್ಟಿಯಿಂದ ಕ್ರೆಡಿಟ್ ಕಾರ್ಡು ಮೇಲು. ಸಾಮಾನು ಬಾರದಿದ್ದರೆ ನಮ್ಮ ಬ್ಯಾಂಕಿಗೆ ತಕರಾರು ಸಲ್ಲಿಸಬಹುದು; ಬ್ಯಾಂಕು ಮಾರಿದವನ ಕಡೆಯಿಂದ ವಿವರಣೆ ಕೇಳುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಡೆಬಿಟ್ ಕಾರ್ಡಿಗೂ ಈ ಅನುಕೂಲವಿದೆ. ಆದರೆ ವಿಚಾರಣೆ ಮುಗಿಯುವ ತನಕ ಖಾಲಿಯಾಗಿರುವುದು ನಮ್ಮ ಉಳಿತಾಯದ ಖಾತೆ. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿ ತೀರಿಸದವರಿಗೆ ಬಡ್ಡಿ ಭಾರವಾದೀತೆಂಬುದನ್ನೂ ಮರೆಯಲಾಗದು.

2016ರಲ್ಲಿ ಬಂದ ಯುಪಿಐ ಬಲು ಸುಲಭ. ಆದರೆ ಹಣ ಖಾತೆಯಿಂದ ಖಾತೆಗೆ ಆ ಕ್ಷಣವೇ ಹೋಗಿಬಿಡುತ್ತದೆ. ಹೆಸರಾದ ಅಂಗಡಿಯ ಪುಟದಲ್ಲಿಯೇ ಪಾವತಿ ಮಾಡುವುದಾದರೆ ಚಿಂತೆಯಿಲ್ಲ. ಆದರೆ, "ಇಲ್ಲಿ ಬೇಡ, ನೇರವಾಗಿ ನನ್ನ ನಂಬರಿಗೆ ಕಳುಹಿಸಿ, ಇನ್ನೂರು ರೂಪಾಯಿ ಕಡಿಮೆ ಮಾಡುತ್ತೇನೆ" ಎಂದು ಅಪರಿಚಿತನು ಹೇಳಿದರೆ ಎಚ್ಚರ ವಹಿಸಬೇಕು. ಆ ಇನ್ನೂರು ರೂಪಾಯಿಗೆ ನಾವು ಹಿಂದಿರುಗುವ ದಾರಿಯನ್ನೇ ಮಾರಿದಂತಾಗುತ್ತದೆ. ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಅದು ಬೇಕಿಲ್ಲ. "ನಿಮ್ಮ ಹಣ ವಾಪಸು ಕೊಡುತ್ತೇವೆ, ಪಿನ್ ಒತ್ತಿ" ಎನ್ನುವವನು ವಂಚಕನೇ ಸರಿ.

ಸಾಮಾನು ಬಂದಾಗ ನಗದು ಕೊಡುವ ಪದ್ಧತಿ ಹಳೆಯ ವಿ.ಪಿ.ಗೆ ಹತ್ತಿರದ್ದು. ಹೊಸ ಅಂಗಡಿಯನ್ನು ಪರೀಕ್ಷಿಸಲು ಇದು ಒಳ್ಳೆಯದು. ಆದರೆ ಅನೇಕ ಕಡೆ ಹಣ ಕೊಡದೆ ಪೆಟ್ಟಿಗೆ ಬಿಚ್ಚಲು ಬಿಡುವುದಿಲ್ಲ. ಯಾರೂ ತರಿಸದ ಪೆಟ್ಟಿಗೆ ಬಾಗಿಲಿಗೆ ಬರುವುದೂ ಉಂಟು. ಮನೆಮಂದಿಯನ್ನೆಲ್ಲ ವಿಚಾರಿಸದೆ ಅದಕ್ಕೆ ಹಣ ಕೊಡಬಾರದು.

ಇಷ್ಟಾದರೂ ನಮಗೆ ತಿಳಿಯದಂತೆ ಖಾತೆಯಿಂದ ಹಣ ಹೋದರೆ? ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಇದಕ್ಕೆ ನಿಯಮ ಮಾಡಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಬೇರೆಡೆ ಆಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ, ನಷ್ಟ ಗ್ರಾಹಕರದಲ್ಲ ಎಂದು ಅದು ಹೇಳಿತು. ಪಿನ್ ಅಥವಾ ಓಟಿಪಿಯನ್ನು ನಾವೇ ಹೇಳಿಕೊಟ್ಟಿದ್ದರೆ, ದೂರು ಕೊಡುವ ತನಕದ ನಷ್ಟ ನಮ್ಮದೇ, ಆಮೇಲಿನದು ಬ್ಯಾಂಕಿನದು. ಎಂದರೆ ತಡಮಾಡಿದಷ್ಟೂ ನಷ್ಟ ಹೆಚ್ಚುವ ಸಂಭವವಿದೆ. ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಈ ಸಂಖ್ಯೆಯನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ಇಂದೇ ತಿಳಿಸಿಡುವುದು ಒಳಿತು.