ಡಮ್ಮಿ ಫೈಲಿಗೂ ಅಳತೆ ಬೇಕು

ಗೌರಿಬಿದನೂರಿಂದ ರೈಲಲ್ಲೋ ಚಿಂತಾಮಣಿಯಿಂದ ಬಸ್ಸಲ್ಲೋ ಬೆಂಗಳೂರಿಗೆ ಮೇನ್‌ಫ್ರೇಮ್ ಕೆಲಸದ ಇಂಟರ್‌ವ್ಯೂಗೆ ಹೊರಟಿದ್ರೆ, ಈ ಎಪಿಸೋಡ್ ನಿಮಗೇ. ಪ್ರಶ್ನೆ ಇಷ್ಟೇ: ಜೆಸಿಎಲ್‌ನಲ್ಲಿ ‘ಡಿಡಿ ಡಮ್ಮಿ’ ಅಂದ್ರೆ ಏನು? ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದ ಪುಸ್ತಕದ ಭಾಷೇಲೇ ಹೇಳ್ತೀನಿ.

ಐಬಿಎಂ 1964ರಲ್ಲಿ ಸಿಸ್ಟಂ/360 ಯಂತ್ರಗಳನ್ನು ಘೋಷಿಸಿತು. ಅವುಗಳ ಆಪರೇಟಿಂಗ್ ಸಿಸ್ಟಂ ಜೊತೆ ಬಂದದ್ದೇ ಜೆಸಿಎಲ್. ಇದರಲ್ಲಿ ಮುಖ್ಯವಾದ ಸಾಲುಗಳು ಮೂರು. ‘ಜಾಬ್’ ಕೆಲಸದ ಹೆಸರು ಹೇಳುತ್ತೆ, ‘ಎಕ್ಸೆಕ್’ ಯಾವ ಪ್ರೋಗ್ರಾಂ ಓಡಬೇಕು ಅಂತ ಹೇಳುತ್ತೆ, ‘ಡಿಡಿ’ ಆ ಪ್ರೋಗ್ರಾಂಗೆ ಬೇಕಾದ ಫೈಲ್ ಯಾವುದು ಅಂತ ತೋರಿಸುತ್ತೆ.

ಈಗ ಒಂದು ಉದಾಹರಣೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ದಿನದ ಲೆಕ್ಕವನ್ನ ಮೇನ್‌ಫ್ರೇಮಲ್ಲಿ ಇಡಬೇಕು ಅಂದ್ಕೊಳ್ಳಿ. ಲಾಟ್ ನಂಬರಿಗೆ 6 ಅಕ್ಷರ, ತೂಕಕ್ಕೆ 8, ದರಕ್ಕೆ 6, ಉಳಿದ 60 ಖಾಲಿ. ಒಟ್ಟು 80. ಹಳೇ ಪಂಚ್ ಕಾರ್ಡಿನಲ್ಲಿ ಇದ್ದದ್ದೂ 80 ಕಾಲಂ. ಈ 80 ಅನ್ನೋದು ‘ಎಲ್‌ರೆಕ್‌ಎಲ್’, ಅಂದ್ರೆ ಒಂದು ದಾಖಲೆಯ ಉದ್ದ. ಎಲ್ಲ ದಾಖಲೆಗಳೂ ಒಂದೇ ಉದ್ದ ಇದ್ದು, ಕಂತೆ ಕಟ್ಟಿ ಇಟ್ಟಿದ್ರೆ ‘ರೆಕ್‌ಎಫ್‌ಎಂ’ ಎಫ್‌ಬಿ. ನೂರು ದಾಖಲೆಗೆ ಒಂದು ಕಂತೆ ಅಂತಾದ್ರೆ ‘ಬ್ಲಾಕ್‌ಸೈಜ್’ 8000.

ಫೈಲ್ ಹೆಸರಿನ ಜಾಗದಲ್ಲಿ ‘ಡಮ್ಮಿ’ ಅಂತ ಬರೆದ್ರೆ ಏನಾಗುತ್ತೆ? ಪ್ರೋಗ್ರಾಂ ಓದೋಕೆ ಹೋದ್ರೆ ಮೊದಲ ಸಲವೇ ‘ಫೈಲ್ ಮುಗೀತು’ ಅನ್ನೋ ಉತ್ತರ. ಬರೆಯೋಕೆ ಹೋದ್ರೆ ಬರೆದದ್ದೆಲ್ಲ ಗಾಳಿಗೆ. ಡಿಸ್ಕಲ್ಲಿ ಜಾಗವೇ ಕೊಡಲ್ಲ. ಇದರಿಂದ ಉಪಯೋಗವೂ ಇದೆ: ಲೆಕ್ಕ ಶುರುವಾದ ಮೊದಲ ದಿನ ನಿನ್ನೆಯ ಫೈಲ್ ಇರೋದಿಲ್ಲ, ಅಲ್ಲಿ ಡಮ್ಮಿ ಕೊಟ್ರೆ ಓಪನಿಂಗ್ ಬ್ಯಾಲೆನ್ಸ್ ಸೊನ್ನೆ ಇದ್ದ ಹಾಗೆ.

ಇಲ್ಲೇ ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳೋದು. ನಿಜವಾದ ಫೈಲ್ ಆದ್ರೆ ಅದರ ಅಳತೆಗಳು ಡಿಸ್ಕಿನ ಲೇಬಲ್ಲಿನಲ್ಲಿ ಇರುತ್ವೆ. ಡಮ್ಮಿಗೆ ಲೇಬಲ್ ಎಲ್ಲಿಂದ ಬರಬೇಕು? ಪ್ರೋಗ್ರಾಂ ಕೂಡ ಅಳತೆ ಹೇಳದಿದ್ರೆ, ಡಿಡಿ ಸಾಲಲ್ಲೇ ನಾವು ಬರೀಬೇಕು. ಮುಖ್ಯವಾಗಿ ಬ್ಲಾಕ್‌ಸೈಜ್. ಇಲ್ಲದಿದ್ರೆ ಫೈಲ್ ತೆರೆಯೋ ಹೊತ್ತಿಗೇ 013 ಅಬೆಂಡ್ ಬಂದು ಜಾಬ್ ನಿಂತುಹೋಗಬಹುದು. ಸರಕು ಇಲ್ಲ ಸರಿ, ಚೀಲದ ಅಳತೆಯಾದ್ರೂ ಹೇಳಪ್ಪಾ ಅನ್ನುತ್ತೆ ಸಿಸ್ಟಂ.

ಅಬೆಂಡ್ ಆದ್ರೆ ಕಣ್ಣಿಗಾದ್ರೂ ಕಾಣುತ್ತೆ. ಅದಕ್ಕಿಂತ ಅಪಾಯ, ಟೆಸ್ಟಿಗೆ ಹಾಕಿದ ಡಮ್ಮಿ ನಿಜವಾದ ಜಾಬಲ್ಲಿ ಉಳಿದುಬಿಡೋದು. ಪ್ರೋಗ್ರಾಂ ಖುಷಿಯಾಗಿ ಬರೆದು ಮುಗಿಸುತ್ತೆ, ರಿಟರ್ನ್ ಕೋಡ್ ಸೊನ್ನೆ, ಎಲ್ಲ ಸರಿ ಅನ್ನೋ ಲೆಕ್ಕ. ಆದ್ರೆ ರೈತರಿಗೆ ಸೇರಬೇಕಾದ ಹಣದ ಪಟ್ಟಿ ಎಲ್ಲೂ ಉಳಿದಿರೋದಿಲ್ಲ. ಹಳೇ ಫೈಲ್ ಅಲ್ಲೇ ಇದ್ರೆ ಮುಂದಿನ ಹಂತ ನಿನ್ನೆಯ ಪಟ್ಟಿಯನ್ನೇ ಓದಬಹುದು.

ಅದಕ್ಕೇ, ರಿಟರ್ನ್ ಕೋಡ್ ನೋಡಿ ಎದ್ದುಬಿಡಬೇಡಿ. ಎಷ್ಟು ದಾಖಲೆ ಒಳಗೆ ಬಂತು, ಎಷ್ಟು ಹೊರಗೆ ಹೋಯ್ತು, ಅದು ಯಾವ ಫೈಲಿಗೆ ಹೋಯ್ತು ಅಂತ ತಾಳೆ ನೋಡಿ. ಚಿಕ್ಕಬಳ್ಳಾಪುರದ ಯಾವ ಅಂಗಡಿಯಲ್ಲೇ ಆಗಲಿ, ಸಂಜೆ ಗಲ್ಲಾಪೆಟ್ಟಿಗೆ ಎಣಿಸದೆ ಬಾಗಿಲು ಹಾಕ್ತಾರಾ?